ಪೋಲೆಂಡಿನ ವ್ರೊತ್ಸ್ವಾಫ್ ಸರ್ಕಾರಿ ಪತ್ರಾಗಾರದಲ್ಲಿ ಜರ್ಮನ್ ದಾಖಲೆಗಳು ಅಷ್ಟೊಂದು ಯಾಕಿವೆ?
1945ರವರೆಗೆ ಆ ಊರು ಜರ್ಮನಿಯದ್ದು, ಹೆಸರು ಬ್ರೆಸ್ಲಾವ್. ಅದಕ್ಕೇ.

ಪತ್ರಾಗಾರ ಹುಟ್ಟಿದ ಕಥೆ ಇನ್ನೂ ಸ್ವಾರಸ್ಯವಾಗಿದೆ. ನೆಪೋಲಿಯನ್‌ಗೆ ಸೋತ ಪ್ರಷ್ಯಾಕ್ಕೆ (ಆಗ ಈ ಊರನ್ನು ಆಳುತ್ತಿದ್ದ ಜರ್ಮನ್ ರಾಜ್ಯ) ಯುದ್ಧದಂಡ ಕಟ್ಟಲು ದುಡ್ಡು ಬೇಕಿತ್ತು. 1810ರ ಅಕ್ಟೋಬರ್‌ನಲ್ಲಿ ಕ್ರೈಸ್ತ ಮಠಗಳ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡಿತು. ಬ್ಯೂಶಿಂಗ್ ಎಂಬ ವಿದ್ವಾಂಸರು ಊರಿನ ಸುತ್ತಲಿನ ಸೈಲೀಷಿಯಾ ಪ್ರಾಂತ್ಯದ ಮಠಗಳನ್ನೆಲ್ಲ ಸುತ್ತಿ ಪುಸ್ತಕ, ಚಿತ್ರ, ಚರ್ಮದ ಹಾಳೆಯ ಮೇಲೆ ಬರೆದು ಅರಗಿನ ಮುದ್ರೆ ತೂಗುಬಿಟ್ಟ ಹಳೇ ದಾನಪತ್ರಗಳನ್ನು ಬ್ರೆಸ್ಲಾವ್‌ಗೆ ತಂದರು. (ಇವುಗಳಲ್ಲಿ ಎಷ್ಟೋ ಲ್ಯಾಟಿನ್‌ನವು.) ಮಠದವರ ಪಾಲಿಗೆ ಇದು ಲೂಟಿಯೇ ಅಲ್ವಾ? ಆದರೆ ಪತ್ರಾಗಾರಕ್ಕೆ ಬುನಾದಿ ಬಿದ್ದದ್ದೇ ಹೀಗೆ.

ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ದಾಖಲೆಗಳನ್ನು ಹಳ್ಳಿಗಳ ಕಡೆ ಸಾಗಿಸಿದರು. 1945ರಲ್ಲಿ ಸೋವಿಯತ್ ಸೇನೆ ಹಾಕಿದ ಮುತ್ತಿಗೆಯಲ್ಲಿ ಕಟ್ಟಡ ಹಾಳಾಯಿತು. ಊರು ಪೋಲೆಂಡಿಗೆ ಸೇರಿದ ಮೇಲೆ ಪೋಲಿಷ್ ಸಿಬ್ಬಂದಿ ಚದುರಿದ್ದನ್ನು ಹುಡುಕಿ ತಂದು ಜೋಡಿಸಿದರು.