ತಿರುಗುವಾಗ ಮೊದಲು ಪಾದ, ಆಮೇಲೆ ಸೊಂಟ

ಶೋತೋಕಾನ್ ಕರಾಟೆಯ ಹೇಯಾನ್ ಶೋದಾನ್ ಕಟಾದಲ್ಲಿ (ನಿಗದಿತ ಚಲನೆಗಳ ಸರಣಿಯಲ್ಲಿ) ತಿರುಗುವಾಗ ವಾಲುತ್ತೇನೆ, ವೇಗ ಹೆಚ್ಚಿಸಿದರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಹೋಗುವುದಿಲ್ಲ. ನೀವು ಹಾಕಿರುವ ವಿಡಿಯೋವನ್ನೇ ವೇಗ ತಗ್ಗಿಸಿ ನೋಡಿ. ಮೊದಲು ಹೆಗಲು ತಿರುಗುತ್ತದೆ, ಅದರ ಹಿಂದೆ ಸೊಂಟ ಎಳೆದುಕೊಂಡು ಹೋಗುತ್ತದೆ, ಪಾದ ಕೊನೆಗೆ ಸಿಕ್ಕಿದ ಜಾಗದಲ್ಲಿ ಕೂರುತ್ತದೆ. ಆರಂಭದಲ್ಲಿ ನಾನೂ ಹೀಗೆಯೇ ತಿರುಗುತ್ತಿದ್ದೆ, ಆದ್ದರಿಂದ ನೋಡಿಯೂ ಸುಮ್ಮನಿರಲು ಆಗಲಿಲ್ಲ. ಮೇಲಿನ ಉತ್ತರದಲ್ಲಿ ಒಬ್ಬರು ಬುಗುರಿಯಂತೆ ಸುತ್ತಿಬಿಡಿ ಎಂದಿದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಬಿಳಿ ಬೆಲ್ಟಿನವರಿಗೆ ಇಂಥ ಸಲಹೆ ಕೊಡುವವರು ಅವರ ಮಂಡಿಯ ಬಗ್ಗೆ ಒಮ್ಮೆ ಯೋಚಿಸಬೇಕು.

ನಿಮ್ಮ ತೊಂದರೆ ಇರುವುದು ನಿಲುವಿನ ಅಗಲದಲ್ಲಿ. ತಿರುಗಿ ನಿಂತ ಮೇಲೆ ನಿಮ್ಮ ಎರಡೂ ಪಾದಗಳು ಒಂದೇ ಗೆರೆಯ ಮೇಲಿವೆ. ಹಾಗೆ ನಿಂತರೆ ಯಾರೇ ಆದರೂ ವಾಲುತ್ತಾರೆ.

ತಾರಸಿಯಲ್ಲಿ ಸೀಮೆಸುಣ್ಣದಿಂದ ಮೂರು ಸಮಾನಾಂತರ ಗೆರೆ ಎಳೆಯಿರಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ನಿಮ್ಮ ಸೊಂಟದ ಅಗಲವಿರಲಿ. ಝೆಂಕುತ್ಸು ದಾಚಿಯಲ್ಲಿ (ಮುಂದಿನ ಮಂಡಿ ಬಾಗಿಸಿದ ಉದ್ದ ನಿಲುವು) ಎಡಗಾಲು ಮುಂದೆ, ನಡುಗೆರೆಯ ಮೇಲೆ. ಬಲಗಾಲು ಹಿಂದೆ, ಬಲಗೆರೆಯ ಮೇಲೆ. ಮವಾತ್ತೆ (ತಿರುಗಿ) ಎಂದಾಗ ಬಲಗಾಲು ಅಡ್ಡಲಾಗಿ ಜಾರಿ ನಡುಗೆರೆಯನ್ನು ದಾಟಿ ಎಡಗೆರೆಗೆ ಬರಬೇಕು. ಎಂದರೆ ಎರಡು ಅಗಲ. ಬಹುತೇಕ ಎಲ್ಲರೂ ಒಂದೇ ಅಗಲ ಸರಿಸಿ ನಡುಗೆರೆಯಲ್ಲೇ ನಿಲ್ಲುತ್ತಾರೆ, ನಿಮ್ಮ ವಿಡಿಯೋದಲ್ಲಿ ಆಗಿರುವುದೂ ಅದೇ. ಪಾದ ಎಡಗೆರೆ ಮುಟ್ಟಿದ ಮೇಲೆ ನಿಲ್ಲಿ. ಪೂರ್ತಿ ನಿಲ್ಲಿ. ಎದೆ ಇನ್ನೂ ಹಳೆಯ ದಿಕ್ಕಿಗೇ ಇರಲಿ, ಮುಂದಿನ ಮಂಡಿ ಬಾಗಿಯೇ ಇರಲಿ. ಈಗ ತಲೆ ತಿರುಗಿಸಿ ನೋಡಿ, ಉಸಿರು ಬಿಡುತ್ತಾ ಸೊಂಟ ತಿರುಗಿಸಿ, ಅದರ ಜೊತೆಗೇ ಗೆದಾನ್ ಬರಾಯ್ (ಕೆಳಮಟ್ಟದ ತಡೆ). ತಿರುಗಿದ ಮೇಲೂ ಎಡಗಾಲು ನಡುಗೆರೆಯಲ್ಲೇ ಇರಬೇಕು. ಜಾಗ ಬಿಟ್ಟಿದ್ದರೆ ನೀವು ಜಿಗಿದಿದ್ದೀರಿ ಎಂದು ಅರ್ಥ. ಇನ್ನೊಂದು ಬದಿಗೆ ಬಲಗಾಲನ್ನು ನಡುಗೆರೆಯ ಮೇಲಿಟ್ಟು ಇದೇ ಕ್ರಮ. ನಿಲುಗಡೆಯನ್ನು ಬೇಗ ಬಿಡಬೇಡಿ. ಗೆರೆ ನೋಡದೆ ಪಾದ ಸರಿಯಾಗಿ ಬೀಳತೊಡಗಿದ ಮೇಲೆ ಮಾತ್ರ ಎರಡು ಭಾಗಗಳನ್ನು ಕೂಡಿಸಿ. ವೇಗ ಆಗ ತಾನಾಗಿ ಬರುತ್ತದೆ. ನನಗೆ ಫಲ ಕೊಟ್ಟದ್ದು ಇದೊಂದೇ. ಕನ್ನಡಿ ಮುಂದಿನ ಅಭ್ಯಾಸದಿಂದ ಇದು ಬರುವುದಿಲ್ಲ, ತಿರುಗಿದೊಡನೆ ಕನ್ನಡಿ ಬೆನ್ನಿಗೆ ಹೋಗುತ್ತದೆ.

ತಿರುಗುವಾಗ ಹಿಮ್ಮಡಿಯ ಮೇಲೋ ಮುಂಗಾಲಿನ ಮೇಲೋ ಎಂಬ ಜಗಳ ಇಲ್ಲಿ ಬೇಡ. ಶಾಖೆಯಿಂದ ಶಾಖೆಗೆ ವ್ಯತ್ಯಾಸವಿದೆ, ನಿಮ್ಮ ಸೆನ್ಸೈ (ಗುರು) ಹೇಳಿದ್ದೇ ನಿಮಗೆ ಸರಿ. ಆದರೆ ಮಂಡಿ ಮತ್ತು ಕಾಲ್ಬೆರಳು ಒಂದೇ ದಿಕ್ಕಿಗೆ ಹೋಗಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಪಾದ ನೆಲಕ್ಕೆ ಅಂಟಿಕೊಂಡು ದೇಹ ಮಾತ್ರ ತಿರುಗಿದರೆ ಏಟು ಬೀಳುವುದು ಮಂಡಿಗೆ. ವಿಡಿಯೋದಲ್ಲಿ ನೀವು ಸ್ಪೋರ್ಟ್ಸ್ ಶೂ ಹಾಕಿದ್ದೀರಲ್ಲ, ಅದನ್ನು ಇವತ್ತೇ ಬಿಡಿ. ಆ ರಬ್ಬರ್ ತಳ ಇರುವುದೇ ನೆಲವನ್ನು ಕಚ್ಚಿ ಹಿಡಿಯಲು. ದಪ್ಪ ಮೆತ್ತನೆಯ ಫೋಮ್ ಮ್ಯಾಟಿನಲ್ಲೂ ಪಾದ ಹೂತುಕೊಳ್ಳುತ್ತದೆ. ಬರಿಗಾಲು, ನುಣುಪಾದ ಗಟ್ಟಿ ನೆಲ, ಅಷ್ಟು ಸಾಕು. ಒದ್ದೆ ನೆಲ ಮಾತ್ರ ಬೇಡ.

ಇನ್ನು ಕಟಾ. ಕಿಹೋನ್‌ನ (ಮೂಲ ಅಭ್ಯಾಸದ) ಮವಾತ್ತೆಯನ್ನು ಹಾಗೆಯೇ ಹೇಯಾನ್ ಶೋದಾನ್‌ಗೆ ತುರುಕಬೇಡಿ. ಮೊದಲ ಓಯ್ ಜುಕಿ (ಹೆಜ್ಜೆ ಮುಂದಿಟ್ಟು ಗುದ್ದುವುದು) ಆದ ಮೇಲಿನ 180 ಡಿಗ್ರಿ ತಿರುವಿನಲ್ಲಿ ಚಲಿಸುವುದು ಮುಂದಿನ ಬಲಗಾಲು. ಹಿಂಗಾಲು ದಾಟಿಸಿ ತಿರುಗಿದರೆ ಜಾಗ ತಪ್ಪುತ್ತದೆ, 21 ಚಲನೆ ಮುಗಿದಾಗ ಆರಂಭದ ಸ್ಥಳಕ್ಕೆ ಮರಳುವುದಿಲ್ಲ. ಮೂರನೆಯ ಆಗೆ ಉಕೆ (ಮೇಲ್ಮಟ್ಟದ ತಡೆ), ಕಿಯಾಯ್ (ಕೂಗು) ಆದ ಮೇಲಿನದು 270 ಡಿಗ್ರಿ ತಿರುವು. ಹೋಗಬೇಕಾದ ದಿಕ್ಕು ನಿಮ್ಮ ಬಲಕ್ಕೆ, ಆದರೆ ತಿರುಗುವುದು ಎಡದಿಂದ. ಹಿಂದಿನ ಎಡಗಾಲು ಬಲಗಾಲಿನ ಬೆನ್ನ ಹಿಂದಿನಿಂದ ಹೋಗಿ ಬಲದಿಕ್ಕಿನಲ್ಲಿ ಇಳಿಯಬೇಕು. ಇಲ್ಲಿಯೂ ಪಾದ ಮೊದಲು, ಸೊಂಟ ಆಮೇಲೆ. ಕೊನೆಯ 270ರಲ್ಲಿ ಇಳಿಯುವುದು ಕೊಕುತ್ಸು ದಾಚಿ ಎಂಬ ನಿಲುವಿಗೆ, ಭಾರ ಹಿಂಗಾಲಿನ ಮೇಲೆ. ಅದನ್ನು ಮರೆತು ಶುತೋ ಉಕೆಯನ್ನು (ಅಂಗೈಯ ಅಂಚಿನ ತಡೆ) ಝೆಂಕುತ್ಸುವಿನಲ್ಲಿ ಮಾಡುವವರನ್ನು ಪ್ರತಿ ಗ್ರೇಡಿಂಗ್‌ನಲ್ಲಿ (ಬೆಲ್ಟ್ ಪರೀಕ್ಷೆ) ನೋಡುತ್ತೇನೆ. ಶಿತೋ ರ್ಯು, ವಾದೋ ರ್ಯು ಶಾಖೆಯವರಿಗೆ ಇದೇ ಕಟಾ ಪಿನಾನ್ ನಿದಾನ್. ಅವರ ನಿಲುವು ಇಷ್ಟು ಉದ್ದವಿಲ್ಲ, ನನ್ನ ಅಳತೆಗಳನ್ನು ಹಾಗೆಯೇ ತೆಗೆದುಕೊಳ್ಳಬೇಡಿ.

ಜೋಡಣೆಗಳ ಬಗ್ಗೆಯೂ ಕೇಳಿದ್ದೀರಿ. ಐದು ತಂತ್ರಗಳ ಸರಮಾಲೆ ಈಗ ಬೇಡ. ಮವಾತ್ತೆ, ಗೆದಾನ್ ಬರಾಯ್, ಅಲ್ಲಿಯೇ ಗ್ಯಾಕು ಜುಕಿ (ಹಿಂಗಾಲಿನ ಬದಿಯ ಕೈಯಿಂದ ಗುದ್ದು), ಇಷ್ಟೇ ಮಾಡಿ. ನಿಲುವು ಕಿರಿದಾಗಿದ್ದರೆ ಹಿಂದಿನ ಸೊಂಟ ಮುಂದೆ ಬರುವುದಿಲ್ಲ, ಹೆಗಲು ಮಾತ್ರ ಚಾಚುತ್ತದೆ. ಮನೆಯವರೊಬ್ಬರು ಆ ಮುಷ್ಟಿಯನ್ನು ಮೆಲ್ಲಗೆ ತಳ್ಳಲಿ, ಹಿಮ್ಮಡಿ ಎದ್ದರೆ ಪಾದದ ಅಭ್ಯಾಸಕ್ಕೆ ಮರಳಿ. ಇದು ಕುದುರಿದ ಮೇಲೆ ಆಗೆ ಉಕೆ–ಗ್ಯಾಕು ಜುಕಿ, ಅದಾದ ಮೇಲೆ ಮಾಏ ಗೆರಿ (ಮುಂದಕ್ಕೆ ಒದೆತ)–ಓಯ್ ಜುಕಿ. ಹಿಕಿತೆಯನ್ನು (ಹಿಂದಕ್ಕೆ ಎಳೆಯುವ ಕೈ) ಸೊಂಟದವರೆಗೂ ಎಳೆಯಿರಿ, ನಿಮ್ಮದು ಹೊಟ್ಟೆಯ ಹತ್ತಿರ ನಿಲ್ಲುತ್ತಿದೆ. ಮಾಏ ಗೆರಿಯಲ್ಲಿ ಒದ್ದ ಕಾಲನ್ನು ಮಂಡಿಗೆ ಮಡಚಿ ಹಿಂದಕ್ಕೆ ತಂದೇ ಇಳಿಸಿ; ಒದ್ದ ಕಾಲು ಹಾಗೆಯೇ ಮುಂದೆ ಬಿದ್ದರೆ ಓಯ್ ಜುಕಿಗೆ ಭಾರ ಮೊದಲೇ ಖಾಲಿಯಾಗಿರುತ್ತದೆ.

ಗೀ (ಕರಾಟೆ ಉಡುಪು) ಯಾವುದು ಎಂದು ಕೊನೆಯಲ್ಲಿ ಕೇಳಿದ್ದೀರಿ. ತೋಕಾಯ್ದೋ, ಶುರೇಯ್ದೋ ಕಂಪನಿಗಳ ದಪ್ಪ ಕ್ಯಾನ್ವಾಸ್ ಒಳ್ಳೆಯದೇ, ಆದರೆ ಬಿಳಿ ಬೆಲ್ಟಿಗೆ ಆ ಹಣ ಸುರಿಯಬೇಡಿ. ನಿಮ್ಮ ಡೋಜೋದಲ್ಲಿ (ತರಬೇತಿ ಶಾಲೆ) ಸಿಗುವ ಸಾದಾ ಹತ್ತಿಯದು ಸಾಕು, ಒಗೆದಾಗ ಕುಗ್ಗುವುದರಿಂದ ಒಂದು ಅಳತೆ ದೊಡ್ಡದನ್ನೇ ಕೊಳ್ಳಿ. ಪ್ಯಾಂಟ್ ಹಿಮ್ಮಡಿಯ ಕೆಳಗೆ ಇಳಿಯುತ್ತಿದ್ದರೆ ಹೊಲಿಸಿಕೊಳ್ಳಿ, ತಿರುಗುವಾಗ ಅದನ್ನು ತುಳಿದು ಬೀಳುವವರಿದ್ದಾರೆ. ಮುಂದಿನ ವಿಡಿಯೋವನ್ನು ಎದುರಿನಿಂದ ತೆಗೆಯಬೇಡಿ, ಬದಿಯಿಂದ ಅಥವಾ ಹಿಂದಿನಿಂದ ತೆಗೆಯಿರಿ, ಪಾದಗಳು ಪೂರ್ತಿ ಕಾಣಲಿ.