ಥಾರ್‌ಗೆ 2 ಇಂಚೋ 3 ಇಂಚೋ? ಮೊದಲು ಗಾಡಿ ಅಡಿಗೆ ಸುಣ್ಣ ಹಚ್ಚಿ ನೋಡಿ

ನಮಸ್ಕಾರ ಅಣ್ಣ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. 2021ರ ಡೀಸೆಲ್ ಥಾರ್, 16 ಇಂಚಿನ ರಿಮ್ಮು, ಕಂಪನಿ ಟೈರು. ಕಾರಟಗಿ ಹತ್ತಿರ ಗದ್ದೆ, ವಾರದಲ್ಲಿ ನಾಲ್ಕು ದಿನ ಕಾಲುವೆ ಏರಿ ಮೇಲೆ ಓಡಾಟ, ಆಗಾಗ ಗೆಳೆಯರ ಜೊತೆ ಸಂಡೂರು ಕಡೆ. ಮಳೆಗಾಲದಲ್ಲಿ ಗಾಡಿ ಅಡಿ ತಾಗುತ್ತಿದೆ. ಅಂಗಡಿಯವರು 3 ಇಂಚಿನ ಲಿಫ್ಟ್ ಕಿಟ್ (ಗಾಡಿಯನ್ನು ಎತ್ತರಿಸುವ ಸ್ಪ್ರಿಂಗ್, ಶಾಕಪ್ ಸಾಮಾನು) ಹಾಕಿಸಿ ಅಂದಿದ್ದಾರೆ, 2 ಸಾಕಾ 3 ಬೇಕಾ ಅಂತ ನಿಮ್ಮ ಪ್ರಶ್ನೆ. ಇಲ್ಲಿ ಬಹಳ ಜನ "3 ಹಾಕಿಸಿ, ನೋಡೋಕೂ ಚೆಂದ" ಅಂದಿದ್ದಾರೆ. ನನ್ನ ಅಭಿಪ್ರಾಯ ಬೇರೆ ಇದೆ. ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ಕಿಟ್ ವಿಷಯ ಆಮೇಲೆ. ಅಡಿಯಲ್ಲಿ ಏನು ತಾಗುತ್ತಿದೆ ಅಂತ ನೀವು ಬರೆದಿಲ್ಲ. ಅದು ಗೊತ್ತಿಲ್ಲದೆ ಎತ್ತರ ಕೊಳ್ಳಬೇಡಿ. ಒಂದು ಸುಲಭದ ಕೆಲಸ ಮಾಡಿ. ಗೋಡೆಗೆ ಬಳಿಯುವ ಸುಣ್ಣವನ್ನು ಗಟ್ಟಿಯಾಗಿ ಕಲಸಿ, ಗಾಡಿ ಅಡಿಯಲ್ಲಿ ಎಲ್ಲೆಲ್ಲಿ ತಾಗಬಹುದೋ ಅಲ್ಲೆಲ್ಲ ಬ್ರಷ್‌ನಿಂದ ಹಚ್ಚಿ. ಹಿಂದಿನ ಡಿಫರೆನ್ಸಿಯಲ್ ಗುಂಡು (ಎರಡೂ ಗಾಲಿಗೆ ಶಕ್ತಿ ಹಂಚುವ ಗೇರುಗಳ ಡಬ್ಬಿ), ಹಿಂದಿನ ಶಾಕಪ್ ಬ್ರಾಕೆಟ್, ಮುಂದಿನ ಲೋಯರ್ ಆರ್ಮ್ (ಗಾಲಿಯನ್ನು ಚಾಸಿಗೆ ಹಿಡಿದಿರುವ ಕೆಳಗಿನ ತೋಳು), ಗೇರ್‌ಬಾಕ್ಸ್ ಕೆಳಗಿನ ಅಡ್ಡಪಟ್ಟಿ, ಫುಟ್ ಸ್ಟೆಪ್, ಎರಡೂ ಬಂಪರಿನ ಕೆಳಅಂಚು. ಸೈಲೆನ್ಸರ್‌ಗೆ ಮಾತ್ರ ಬೇಡ. ಒಣಗಿದ ಮೇಲೆ ಒಂದು ವಾರ ನಿಮ್ಮ ದಾರಿಯಲ್ಲೇ ಓಡಿಸಿ. ರಾಡಿ ಇಲ್ಲದ ವಾರ ನೋಡಿಕೊಳ್ಳಿ, ಇಲ್ಲದಿದ್ದರೆ ನೀರು ಬಡಿದು ಸುಣ್ಣವೇ ಹೋಗುತ್ತದೆ. ವಾರದ ನಂತರ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿ. ಎಲ್ಲಿ ಸುಣ್ಣ ಕೆರೆದು ಕಬ್ಬಿಣ ಕಾಣುತ್ತದೋ ಅಲ್ಲಿದೆ ನಿಮ್ಮ ತೊಂದರೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಥಾರ್‌ನ ಹಿಂದಿನ ಹೌಸಿಂಗ್, ಅಂದರೆ ಎರಡೂ ಗಾಲಿ ಸೇರಿಸುವ ಆಕ್ಸಲ್ ಕೊಳವೆ, ಗಾಲಿಗಳ ಜೊತೆಗೇ ಇರುತ್ತದೆ. ಸ್ಪ್ರಿಂಗ್ ಎಷ್ಟೇ ಉದ್ದ ಮಾಡಿ, ಮೇಲೇಳುವುದು ಚಾಸಿ ಮತ್ತು ಬಾಡಿ. ಹೌಸಿಂಗ್ ಮತ್ತು ಆ ಡಿಫರೆನ್ಸಿಯಲ್ ಗುಂಡು ನೆಲದಿಂದ ಎಷ್ಟು ಎತ್ತರದಲ್ಲಿದ್ದವೋ ಅಷ್ಟೇ ಎತ್ತರದಲ್ಲಿ ಉಳಿಯುತ್ತವೆ. 3 ಇಂಚು ಹಾಕಿಸಿದರೂ ಅಷ್ಟೇ, 5 ಇಂಚು ಹಾಕಿಸಿದರೂ ಅಷ್ಟೇ. ಅದನ್ನು ಎತ್ತುವುದು ಟೈರು ಮಾತ್ರ. ಮುಂದೆ ಲೆಕ್ಕ ಬೇರೆ. ಅಲ್ಲಿ ಎರಡೂ ಗಾಲಿ ಬಿಡಿಬಿಡಿಯಾಗಿ ಕುಣಿಯುತ್ತವೆ, ಡಿಫರೆನ್ಸಿಯಲ್ ಚಾಸಿಗೆ ಕಟ್ಟಿಕೊಂಡಿದೆ. ಹಾಗಾಗಿ ಲಿಫ್ಟ್ ಮಾಡಿದರೆ ಅದೂ ಮೇಲೆ ಹೋಗುತ್ತದೆ.

ನಮ್ಮ ಕಡೆ ದಾರಿ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಎರೆ ಭೂಮಿಯಲ್ಲಿ ಟ್ರ್ಯಾಕ್ಟರ್ ಓಡಿ ಓಡಿ ಎರಡು ಕಡೆ ಆಳವಾದ ಜಾಡು, ನಡುವೆ ದಿನ್ನೆ. ಟ್ರ್ಯಾಕ್ಟರ್ ಹೊಟ್ಟೆ ಎತ್ತರ, ಅದಕ್ಕೆ ಏನೂ ಆಗುವುದಿಲ್ಲ. ನಮ್ಮ ಗಾಡಿ ಜಾಡಿಗೆ ಇಳಿದರೆ ಮೊದಲು ಆ ದಿನ್ನೆಗೆ ತಾಗುವುದು ಹಿಂದಿನ ಡಿಫರೆನ್ಸಿಯಲ್. ನಿಮ್ಮ ಸುಣ್ಣ ಅಲ್ಲೇ ಕೆರೆದಿದ್ದರೆ ಲಿಫ್ಟ್ ಕಿಟ್‌ಗೆ ಹಾಕುವ ದುಡ್ಡು ಆ ತೊಂದರೆಗೆ ಒಂದು ಕೂದಲೆಳೆಯಷ್ಟೂ ಉಪಯೋಗಕ್ಕೆ ಬರುವುದಿಲ್ಲ.

ಟೈರಿನ ಲೆಕ್ಕ ನೋಡಿ. ನಿಮ್ಮ 245/75 ಆರ್16 ಟೈರಿನ ಪೂರ್ತಿ ಎತ್ತರ ಸುಮಾರು 774 ಮಿ.ಮೀ. 265/75 ಆರ್16 ಹಾಕಿದರೆ ಸುಮಾರು 804. ವ್ಯತ್ಯಾಸ 30 ಮಿ.ಮೀ., ಅದರಲ್ಲಿ ಅರ್ಧ, ಅಂದರೆ 15 ಮಿ.ಮೀ. ಮಾತ್ರ ಡಿಫರೆನ್ಸಿಯಲ್ ಕೆಳಗೆ ಸಿಗುತ್ತದೆ. ಅರ್ಧ ಇಂಚಿಗೂ ಸ್ವಲ್ಪ ಜಾಸ್ತಿ. ಕಡಿಮೆ ಅನ್ನಿಸುತ್ತದೆ, ಆದರೆ ಇದು ನಿಜವಾದ ಎತ್ತರ. ಜೊತೆಗೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಮೊದಲಿಗಿಂತ 2 ಕಿ.ಮೀ.ಗೂ ಸ್ವಲ್ಪ ಜಾಸ್ತಿ ವೇಗದಲ್ಲಿರುತ್ತದೆ, ಅದು ನೆನಪಿರಲಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಒಂದು ಗಾಲಿ ಕಲ್ಲಿನ ಮೇಲೆ ಹತ್ತಿಸಿ ಒತ್ತಿದಾಗ ಒಳಗೆ ಉಜ್ಜುತ್ತದಾ ಅಂತ ನೋಡಿಯೇ ಹಣ ಕೊಡಿ.

ಇನ್ನೊಂದು ಮಾತು. ಹಸಿ ಎರೆ ಮಣ್ಣು ಟೈರಿನ ಹಲ್ಲಿನೊಳಗೆ ಮೆತ್ತಿಕೊಂಡರೆ ಟೈರು ನುಣ್ಣಗಿನ ಉರುಳೆ ಆಗಿಬಿಡುತ್ತದೆ. ಅಲ್ಲಿ ಎತ್ತರದ ಆಟ ನಡೆಯುವುದಿಲ್ಲ. ದೊಡ್ಡ ಹಲ್ಲಿನ ಎಂಟಿ (ಮಡ್ ಟೆರೇನ್, ರಾಡಿಯ) ಟೈರು ಮಣ್ಣು ಉದುರಿಸುತ್ತದೆ, ಆದರೆ ಡಾಂಬರ್ ಮೇಲೆ ಗದ್ದಲ, ಮಳೆಯಲ್ಲಿ ಬ್ರೇಕ್ ಹಿಡಿತ ಕಡಿಮೆ. ವಾರದಲ್ಲಿ ನಾಲ್ಕು ದಿನ ಹೊಲ, ಉಳಿದ ದಿನ ಸಿಂಧನೂರು ರೋಡು ಅನ್ನುವವರಿಗೆ ಒಳ್ಳೆಯ ಎಟಿ (ಆಲ್ ಟೆರೇನ್, ಎಲ್ಲ ದಾರಿಯ) ಟೈರೇ ಸಾಕು ಅಂತ ನನ್ನ ಅನಿಸಿಕೆ. ರಾಡಿಗೆ ಇಳಿಯುವ ಮುಂಚೆ ಗಾಳಿ 18-20 ಪಿಎಸ್ಐಗೆ ಇಳಿಸಿ. ಡಾಂಬರ್ ರೋಡಿಗೆ ಬಂದ ಕೂಡಲೇ ಮತ್ತೆ ತುಂಬಿಸಿ. ಇದಕ್ಕೆ 12 ವೋಲ್ಟಿನ ಸಣ್ಣ ಕಂಪ್ರೆಸರ್ ಒಂದು ಗಾಡಿಯಲ್ಲಿ ಇರಲಿ. ಲಿಫ್ಟ್ ಕಿಟ್‌ಗಿಂತ ಮೊದಲು ಕೊಳ್ಳಬೇಕಾದ ಸಾಮಾನು ಅದು.

ಸುಣ್ಣ ಫುಟ್ ಸ್ಟೆಪ್‌ನಲ್ಲಿ ಕೆರೆದಿದ್ದರೆ ಸ್ಟೆಪ್ ಬಿಚ್ಚಿಡಿ, ಕೆಲಸ ಮುಗಿಯಿತು. ನಡುವಿನ ಅಡ್ಡಪಟ್ಟಿ ಕೆರೆದಿದ್ದರೆ ಮಾತ್ರ ಲಿಫ್ಟ್ ನಿಮಗೆ ನಿಜಕ್ಕೂ ಬೇಕು. ಕಂಪನಿ ಲೆಕ್ಕದಲ್ಲಿ ಥಾರ್‌ನ ಮುಂದಿನ ಕೋನ (ಬಂಪರ್ ತಾಗದೆ ಹತ್ತಬಹುದಾದ ಏರಿನ ಕೋನ) ಸುಮಾರು 41 ಡಿಗ್ರಿ, ಹಿಂದಿನದು 36ಕ್ಕಿಂತ ಜಾಸ್ತಿ. ನಡುಹೊಟ್ಟೆಯ ಕೋನ (ಹೊಟ್ಟೆ ತಾಗದೆ ದಾಟಬಹುದಾದ ದಿನ್ನೆಯ ಕೋನ) ಮಾತ್ರ 27. ಕಾಲುವೆ ಏರಿ ದಾಟುವಾಗ, ದೊಡ್ಡ ಒಡ್ಡು ಹತ್ತಿ ಇಳಿಯುವಾಗ ಸಿಕ್ಕಿಹಾಕಿಕೊಳ್ಳುವುದು ಈ ನಡುಹೊಟ್ಟೆಯಲ್ಲೇ. ಅಲ್ಲಿ 2 ಇಂಚಿನ ಲಿಫ್ಟ್ ಚೆನ್ನಾಗಿ ಕೆಲಸ ಮಾಡುತ್ತದೆ.

ಈಗ 3 ಯಾಕೆ ಬೇಡ ಅಂತ. ಮುಂದೆ ಲಿಫ್ಟ್ ಮಾಡಿದಷ್ಟೂ ಡಿಫರೆನ್ಸಿಯಲ್‌ನಿಂದ ಗಾಲಿಗೆ ಹೋಗುವ ಆಕ್ಸಲ್ ಶಾಫ್ಟ್ ಇಳಿಜಾರಾಗುತ್ತದೆ. ಅದರ ಸಿವಿ ಜಾಯಿಂಟ್ (ಬಾಗಿದರೂ ತಿರುಗುವ ಕೀಲು) ಸೊಂಟ ಬಗ್ಗಿಸಿಕೊಂಡೇ ತಿರುಗಬೇಕು. ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಹರಿದ ಬೂಟಿನೊಳಗೆ ಸಂಡೂರಿನ ಕೆಂಧೂಳು ಸೇರಿದರೆ ಗ್ರೀಸು ಅರೆಯುವ ಪೇಸ್ಟ್ ಆಗಿಬಿಡುತ್ತದೆ, ಜಾಯಿಂಟ್ ಹೆಚ್ಚು ದಿನ ಬಾಳುವುದಿಲ್ಲ. ಮೇಲಿನ ಆರ್ಮ್ ತುದಿಯ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್ ಕೂಡ ತನ್ನ ಮಿತಿಯ ಹತ್ತಿರ ಹೋಗಿ ಕೂರುತ್ತದೆ. 2 ಇಂಚಿನವರೆಗೆ ಇವನ್ನೆಲ್ಲ ಸಂಭಾಳಿಸಬಹುದು. 3 ಅಂದರೆ ಮೇಲಿನ ಆರ್ಮ್ ಬದಲಿಸಬೇಕು, ಡಿಫರೆನ್ಸಿಯಲ್ ಕೆಳಗಿಳಿಸುವ ಬ್ರಾಕೆಟ್ ಬೇಕು. ಹಾಗೆ ಇಳಿಸಿದರೆ ಮುಂದೆ ಗಳಿಸಿದ ಎತ್ತರದಲ್ಲಿ ಒಂದು ಪಾಲು ವಾಪಸ್ ಹೋಯಿತು, ಅಲ್ವಾ?

ಇನ್ನು ಏರಿ. ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲೆ ಎದುರಿಗೆ ಭತ್ತ ಕೊಯ್ಯುವ ಮಷಿನ್ ಬಂದರೆ ನಾವು ಏನು ಮಾಡುತ್ತೇವೆ? ಎಡಗಡೆ ಎರಡು ಗಾಲಿ ಇಳಿಜಾರಿಗೆ ಇಳಿಸಿ ನಿಲ್ಲುತ್ತೇವೆ. ಗಾಡಿ ಒಂದು ಕಡೆ ವಾಲಿಕೊಂಡು ನಿಂತಿರುತ್ತದೆ, ಒಳಗೆ ಮನೆಯವರು, ಮಕ್ಕಳು ಇರುತ್ತಾರೆ. ಎತ್ತರ ಹೆಚ್ಚಿದಷ್ಟೂ ಗಾಡಿಯ ಭಾರದ ಕೇಂದ್ರ ಮೇಲೇರುತ್ತದೆ, ಪಲ್ಟಿಯಾಗುವ ಕೋನ ಹತ್ತಿರ ಬರುತ್ತದೆ. ಈ ಒಂದು ಕಾರಣ ಸಾಕು ನನಗೆ. ನಿಮ್ಮಂಥ ಓಡಾಟಕ್ಕೆ 3 ಇಂಚು ಬೇಡವೇ ಬೇಡ.

ನನ್ನದೇ ಅನುಭವ ಹೇಳುತ್ತೇನೆ. ನನ್ನದು ಹಳೆಯ ಜಿಪ್ಸಿ, ಯಲಬುರ್ಗಾ ಕಡೆ ಎರೆ ಹೊಲಕ್ಕೆ ಇಟ್ಟುಕೊಂಡಿದ್ದೇನೆ. ನಾಲ್ಕೂ ಕಡೆ ಕಮಾನ್ ಪಟ್ಟಿ. ಒಂದು ಅಂಗಡಿಯಲ್ಲಿ ಕಡಿಮೆ ಖರ್ಚಿನಲ್ಲಿ ಎತ್ತರ ಮಾಡಿಕೊಡುತ್ತೇವೆ ಅಂತ ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಮಾತ್ರ 2 ಇಂಚು ಉದ್ದದ್ದು ಹಾಕಿದರು. ಎತ್ತರ ಸಿಕ್ಕಿದ್ದು 1 ಇಂಚು. ಶ್ಯಾಕಲ್ ಪಟ್ಟಿಯ ಒಂದು ತುದಿಯನ್ನು ಮಾತ್ರ ತಳ್ಳುತ್ತದೆ, ಆಕ್ಸಲ್ ನಡುವೆ ಇರುತ್ತದೆ, ಹಾಗಾಗಿ ಅರ್ಧವೇ ಸಿಗುವುದು. ಅದಕ್ಕಿಂತ ಕೆಟ್ಟದ್ದೆಂದರೆ ಮುಂದಿನ ಆಕ್ಸಲ್ ಸ್ವಲ್ಪ ಮುಂದಕ್ಕೆ ಹೊರಳಿ ಕ್ಯಾಸ್ಟರ್ (ಸ್ಟೀರಿಂಗ್ ತಾನಾಗಿ ನೇರ ಆಗುವಂತೆ ಮಾಡುವ ವಾಲಿಕೆ) ಕಡಿಮೆಯಾಯಿತು. 60 ದಾಟಿದರೆ ಸ್ಟೀರಿಂಗ್ ಎಡಕ್ಕೆ ಬಲಕ್ಕೆ ಅಲೆಯುತ್ತಿತ್ತು, ತಿರುವಿನ ನಂತರ ತಾನಾಗಿ ನೇರ ಆಗುತ್ತಿರಲಿಲ್ಲ. ಕುಷ್ಟಗಿಯಿಂದ ಊರಿಗೆ ಬರುವಷ್ಟರಲ್ಲಿ ಕೈ ಸೋತು ಹೋಗುತ್ತಿತ್ತು. ಎರಡು ತಿಂಗಳು ಹಾಗೆ ಓಡಿಸಿ, ಕೊನೆಗೆ ಶ್ಯಾಕಲ್ ತೆಗೆಸಿ ಸರಿಯಾದ ಬಾಗಿನ ಹೊಸ ಪಟ್ಟಿ ಸೆಟ್, ಅದಕ್ಕೆ ಹೊಂದುವ ಉದ್ದದ ಶಾಕಪ್ ಹಾಕಿಸಿದೆ. ಎರಡು ಸಲ ಖರ್ಚಾಯಿತು. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಥಾರ್‌ನಲ್ಲಿ ಇದೇ ಥರದ ಅಗ್ಗದ ದಾರಿ ಅಂದರೆ ಸ್ಪೇಸರ್. ಮುಂದಿನ ಶಾಕಪ್ ತಲೆಯ ಮೇಲೆ ಒಂದು ಗಟ್ಟಿ ಉಂಗುರ ಕೂರಿಸುತ್ತಾರೆ. ಶಾಕಪ್ ಲೋಯರ್ ಆರ್ಮ್‌ನ ನಡುಭಾಗಕ್ಕೆ ಕೂತಿರುವುದರಿಂದ ಉಂಗುರದ ದಪ್ಪಕ್ಕಿಂತ ಜಾಸ್ತಿ ಎತ್ತರ ಬರುತ್ತದೆ. "ಬರೀ 1 ಇಂಚಿನ ಸ್ಪೇಸರ್" ಅಂದವರ ಮಾತು ಕೇಳಿ ಹಾಕಿಸಿದರೆ ಗಾಡಿ ಒಂದೂವರೆ, 2 ಇಂಚು ಎದ್ದಿರಬಹುದು. ಸ್ಪ್ರಿಂಗ್ ಹಳೆಯದೇ, ಶಾಕಪ್ ಹಳೆಯದೇ. ಗಾಲಿ ಕೆಳಗೆ ಜೋತಾಗ ಮಾತ್ರ ಜಾಯಿಂಟ್‌ಗಳು ಮೊದಲಿಗಿಂತ ಜಾಸ್ತಿ ಎಳೆದುಕೊಳ್ಳುತ್ತವೆ. ಊರೊಳಗೆ ಓಡಿಸುವವರಿಗೆ ನಡೆದೀತು. ನಿಮ್ಮ ಹೊಲದ ದಾರಿಗೆ ಸ್ಪ್ರಿಂಗ್, ಶಾಕಪ್ ಎರಡೂ ಜೋಡಿಯಾಗಿ ಬರುವ ಕಿಟ್ಟೇ ಬೇಕು.

ಸ್ಪ್ರಿಂಗ್ ಆರಿಸುವಾಗ ಎತ್ತರಕ್ಕಿಂತ ಭಾರ ಮುಖ್ಯ. ಒಂದೇ 2 ಇಂಚಿನ ಲಿಫ್ಟ್‌ಗೆ ಹಗುರದ, ಮಧ್ಯಮದ, ಭಾರದ ಸ್ಪ್ರಿಂಗ್ ಬೇರೆ ಬೇರೆ ಇರುತ್ತವೆ. ಭಾರದ್ದು ಹಾಕಿಸಿ ಖಾಲಿ ಓಡಿಸಿದರೆ ಗಾಡಿ ಕುದುರೆ ಥರ ನೆಗೆಯುತ್ತದೆ, ಗಾಲಿ ನೆಲ ಬಿಡುತ್ತದೆ, ಹಿಡಿತ ಹೋಗುತ್ತದೆ. ಹಗುರದ್ದು ಹಾಕಿಸಿ ಗೊಬ್ಬರ ತುಂಬಿದರೆ ಹಿಂದೆ ಕುಸಿದು ಕೂತು ಲಿಫ್ಟ್ ಮಾಯ. ನೀವು ಹಿಂದಿನ ಸೀಟು ಮಡಚಿ ನಾಲ್ಕು ಚೀಲ ಯೂರಿಯಾ ಹಾಕುತ್ತೇವೆ ಅಂದಿದ್ದೀರಿ. ಚೀಲಕ್ಕೆ 45 ಕೆ.ಜಿ., ಒಟ್ಟು 180. ಆದರೆ ಅದು ವರ್ಷದಲ್ಲಿ ಎಷ್ಟು ದಿನ? ಯಾವಾಗಲೂ ಗಾಡಿಯಲ್ಲೇ ಇರುವ ಭಾರಕ್ಕೆ ಸ್ಪ್ರಿಂಗ್ ಆರಿಸಿ, ಆಗೊಮ್ಮೆ ಈಗೊಮ್ಮೆ ಹಾಕುವ ಭಾರಕ್ಕಲ್ಲ. ಕಬ್ಬಿಣದ ಬಂಪರ್, ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯುವ ಯಂತ್ರ), ಮೇಲೆ ಕ್ಯಾರಿಯರ್ ಇದ್ದರೆ ಅವೆಲ್ಲ ಖಾಯಂ ಭಾರ.

ಕಾರಟಗಿ, ಗಂಗಾವತಿ ಕಡೆ ರೈಸ್ ಮಿಲ್ಲಿನ ಕಾಟಾಗಳಿಗೆ ಕೊರತೆ ಇಲ್ಲ. ಟ್ಯಾಂಕ್ ತುಂಬಿಸಿ, ನೀವು ಕೂತು, ಮೊದಲು ಮುಂದಿನ ಗಾಲಿ ಮಾತ್ರ ಕಾಟಾ ಮೇಲೆ ಹತ್ತಿಸಿ ತೂಕ ಬರೆದುಕೊಳ್ಳಿ. ಆಮೇಲೆ ಪೂರ್ತಿ ಗಾಡಿ ತೂಗಿ. ಕಳೆದರೆ ಹಿಂದಿನ ಗಾಲಿಯ ಭಾರ ಸಿಗುತ್ತದೆ. ಈ ಎರಡು ಸಂಖ್ಯೆ ಹಿಡಿದು ಕಿಟ್ ಮಾರುವವರ ಹತ್ತಿರ ಹೋಗಿ, "ಇಷ್ಟು ಭಾರಕ್ಕೆ ಯಾವ ಸ್ಪ್ರಿಂಗ್?" ಅಂತ ಕೇಳಿ. ಉತ್ತರ ಕೊಡಲು ಬರದಿದ್ದರೆ ಆ ಅಂಗಡಿ ಬಿಡಿ.

ಬ್ರ್ಯಾಂಡ್ ಬಗ್ಗೆಯೂ ಕೇಳಿದ್ದೀರಿ. ಹೆಸರಿಗಿಂತ ಮೊದಲು ಶಾಕಪ್ ಯಾವ ಬಗೆಯದು ನೋಡಿ. ಓಲ್ಡ್ ಮ್ಯಾನ್ ಎಮುವಿನ ನೈಟ್ರೋಚಾರ್ಜರ್ ಒಳಗೊಂದು ಹೊರಗೊಂದು ಎರಡು ಕೊಳವೆಯದು. ಬಿಲ್‌ಸ್ಟೈನ್ ಹೆಸರು ಮಾಡಿರುವುದು ಒಂದೇ ಕೊಳವೆಯದಕ್ಕೆ. ಒಂದೇ ಕೊಳವೆಯದು ಬೇಗ ತಣ್ಣಗಾಗುತ್ತದೆ. ಅದಿರು ಲಾರಿ ಓಡಿ ಗೆರೆ ಗೆರೆ ಎದ್ದ ರೋಡಿನಲ್ಲಿ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಗಂಟೆಗಟ್ಟಲೆ ಓಡಿಸುವವರಿಗೆ ಅದು ಒಳ್ಳೆಯದು. ಆದರೆ ಅದರ ಹೊರಮೈಗೆ ಕಲ್ಲು ಬಡಿದು ತಗ್ಗು ಬಿದ್ದರೆ ಒಳಗಿನ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಶಾಕಪ್ ಮುಗಿಯಿತು. ಎರಡು ಕೊಳವೆಯದಕ್ಕೆ ಹೊರಗೆ ಸಣ್ಣ ತಗ್ಗು ಬಿದ್ದರೂ ನಡೆಯುತ್ತದೆ. ನಿಮಗೆ ಹೊಲ ಜಾಸ್ತಿ, ಸಂಡೂರು ಅಪರೂಪ. ನಾನಾದರೆ ಎರಡು ಕೊಳವೆಯದನ್ನೇ ತೆಗೆದುಕೊಳ್ಳುತ್ತಿದ್ದೆ.

ಹಾಕಿಸುವ ದಿನ ಪಕ್ಕದಲ್ಲೇ ನಿಂತಿರಿ. ಮುಂಚೆಯೇ ಪೆಟ್ರೋಲ್ ಬಂಕಿನಂಥ ಸಮತಟ್ಟಾದ ಕಾಂಕ್ರೀಟ್ ಮೇಲೆ ಗಾಲಿ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಆರ್ಮ್‌ಗಳ ರಬ್ಬರ್ ಬುಷ್ ಬೋಲ್ಟುಗಳನ್ನು ಗಾಡಿ ಜಾಕ್ ಮೇಲೆ ಇರುವಾಗ ಪೂರ್ತಿ ಬಿಗಿ ಮಾಡಬಾರದು. ಕೆಳಗಿಳಿಸಿ, ಭಾರ ಗಾಲಿ ಮೇಲೆ ಕೂತ ಮೇಲೆ ಬಿಗಿ ಮಾಡಬೇಕು. ಇಲ್ಲದಿದ್ದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅವಸರದಲ್ಲಿ ಬಹಳ ಕಡೆ ಇದನ್ನು ಬಿಡುತ್ತಾರೆ. ಹಿಂದಿನ ಬ್ರೇಕ್ ಹೋಸ್ ಪೈಪ್, ಎಬಿಎಸ್ ವೈರ್ ಗಾಲಿ ಪೂರ್ತಿ ಜೋತಾಗ ಎಳೆದುಕೊಳ್ಳುತ್ತವಾ ನೋಡಿ. ಹಿಂದಿನ ಆಕ್ಸಲ್ ಒಂದು ಕಡೆ ಸ್ವಲ್ಪ ಸರಿದಿರುತ್ತದೆ, ಜಾಸ್ತಿ ಸರಿದಿದ್ದರೆ ಆಕ್ಸಲನ್ನು ಚಾಸಿಗೆ ಅಡ್ಡಲಾಗಿ ಹಿಡಿದಿರುವ ರಾಡು ಉದ್ದ ಹೊಂದಿಸುವಂಥದ್ದು ಬೇಕು. ಆಮೇಲೆ ವೀಲ್ ಅಲೈನ್‌ಮೆಂಟ್, ಕ್ಯಾಸ್ಟರ್ ಸಮೇತ ಚೀಟಿ ಕೇಳಿ ಪಡೆಯಿರಿ. ಹೆಡ್‌ಲೈಟ್ ಕೆಳಗೆ ಇಳಿಸಲು ಮರೆಯಬೇಡಿ, ರಾತ್ರಿ ಎದುರಿಗೆ ಬೈಕ್‌ನಲ್ಲಿ ಬರುವವರ ಕಣ್ಣಿಗೆ ನೇರ ಹೊಡೆಯುತ್ತದೆ. 500 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟು ಮತ್ತೊಮ್ಮೆ ಬಿಗಿ ಮಾಡಿಸಿ, ಎತ್ತರ ಮತ್ತೆ ಅಳೆಯಿರಿ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುವುದು ಸಹಜ.

ಕಾನೂನಿನ ಮಾತು ಇಲ್ಲಿ ಯಾರೂ ಎತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆ ಮಾಡಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂನಲ್ಲಿ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇವೆ. ಕಿಟ್ ಕೊಳ್ಳುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಯಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಅಪಘಾತ ಆದ ಮೇಲೆ ಕೇಳುವ ವಿಷಯ ಅಲ್ಲ ಇದು.

ಆನೆಗೊಂದಿ ಬಂಡೆಗಳ ಮೇಲೆ ಲಿಫ್ಟ್ ಪರೀಕ್ಷೆ ಮಾಡೋಣ ಅಂತ ಒಬ್ಬರು ಬರೆದಿದ್ದಾರೆ. ದಯವಿಟ್ಟು ಬೇಡ. ಅದು ಹಂಪಿಯ ಪಾರಂಪರಿಕ ಪ್ರದೇಶಕ್ಕೆ ಸೇರಿದ ಜಾಗ. ಬಂಡೆ ಮೇಲೆ ಟೈರಿನ ಕರಿ ಗೆರೆ ಬಿಟ್ಟು ಬರುವುದು ಸರಿಯಲ್ಲ. ನಿಮ್ಮ ಹೊಲದ ಒಡ್ಡೇ ಸಾಕು.

ಸುಣ್ಣ ಹಚ್ಚಿ ಒಂದು ವಾರ ಆದ ಮೇಲೆ ಅಡಿಯ ಫೋಟೋ ಇಲ್ಲಿ ಹಾಕಿ ಅಣ್ಣ, ಕಾಟಾ ಚೀಟಿಯ ಎರಡು ಸಂಖ್ಯೆಯನ್ನೂ ಬರೆಯಿರಿ. ಗಂಗಾವತಿಯಲ್ಲಿ ನಮ್ಮ ಚಿಕ್ಕಪ್ಪನ ಮಗನ ಥಾರ್‌ಗೆ 2 ಇಂಚಿನ ಕಿಟ್ ಹಾಕಿಸಿದ್ದೇವೆ. ಬೇಕಾದರೆ ಒಂದು ಭಾನುವಾರ ಬನ್ನಿ, ಓಡಿಸಿ ನೋಡುವಿರಂತೆ.