ಓದುಗರ ಪ್ರಶ್ನೆ: ಹೋಳಾದ ಕಡಸು, ಅಡವಿಟ್ಟ ಹೊದಿಕೆ

ಪ್ರಶ್ನೆ: ಬೈಬಲಿನಲ್ಲಿ ದೇವರು ಅಬ್ರಹಾಮನೊಂದಿಗೆ ಮಾಡಿದ ಒಡಂಬಡಿಕೆಯಲ್ಲಿ ಪಶುಗಳನ್ನು ಹೋಳು ಮಾಡಿ ಎದುರುಬದುರಾಗಿ ಇಡುವುದು ಬಲಿಯೇ?

ಉತ್ತರ: ಅದನ್ನು ಆಣೆ ಎಂದು ಓದುವುದೇ ಸರಿ. ಅಲ್ಲಿ ಯಜ್ಞವೇದಿಯ ಸುದ್ದಿಯೇ ಇಲ್ಲ. ಹೀಬ್ರೂವಿನಲ್ಲಿ ಒಡಂಬಡಿಕೆಯನ್ನು ಮಾಡಿಕೊಳ್ಳುವುದಿಲ್ಲ, ‘ಕಡಿಯುತ್ತಾರೆ’. ಆದಿಕಾಂಡ 15ರಲ್ಲಿ ಅಬ್ರಹಾಮ ಮೂರು ಮೂರು ವರ್ಷದ ಕಡಸು, ಆಡು, ಟಗರುಗಳನ್ನು ನಡುವೆ ಸೀಳುತ್ತಾನೆ. ಬೆಳವಕ್ಕಿಯನ್ನೂ ಪಾರಿವಾಳದ ಮರಿಯನ್ನೂ ಸೀಳುವುದಿಲ್ಲ. ಹೋಳುಗಳ ನಡುವೆ ಹಾದವನು ‘ಮಾತಿಗೆ ತಪ್ಪಿದರೆ ನನಗೂ ಇದೇ ಗತಿ’ ಎಂದು ಒಪ್ಪಿದ ಹಾಗೆ. ಯೆರೆಮೀಯ 34 ಇದನ್ನು ಬಿಡಿಸಿಯೇ ಹೇಳುತ್ತದೆ. ಚಿದ್ಕೀಯ ರಾಜನ ಕಾಲದಲ್ಲಿ ಕರುವಿನ ಹೋಳುಗಳ ನಡುವೆ ಹಾದು ದಾಸರನ್ನು ಬಿಟ್ಟ ಯೆರೂಸಲೇಮಿನ ದೊಡ್ಡವರು ಆಮೇಲೆ ಅದೇ ದಾಸರನ್ನು ಎಳೆದು ತಂದರು. ಅವರ ಗತಿಯೂ ಆ ಕರುವಿನದೇ ಎಂಬುದು ಪ್ರವಾದಿಯ ಮಾತು.

ಅಬ್ರಹಾಮನ ಪ್ರಸಂಗದಲ್ಲಿ (ಆಗಿನ್ನೂ ಅವನು ಅಬ್ರಾಮ) ಹಾದುಹೋದದ್ದು ದೇವರ ಗುರುತಾದ ಹೊಗೆಯಾಡುವ ಒಲೆ, ಉರಿಯುವ ಪಂಜು. ಅವನು ಹಾಯುವುದೇ ಇಲ್ಲ. ಆಣೆ ದೇವರ ಕಡೆಯದು ಮಾತ್ರ. ಸೀನಾಯಿ ಬೆಟ್ಟದ ಒಡಂಬಡಿಕೆಯಲ್ಲಿ ಹಾಗಲ್ಲ: ಮೋಶೆ ಅರ್ಧ ರಕ್ತವನ್ನು ವೇದಿಗೆ ಎರಚಿ, ಕರಾರನ್ನು ಓದಿ ಹೇಳಿ, ಜನ ‘ಪಾಲಿಸುತ್ತೇವೆ’ ಎಂದ ಮೇಲಷ್ಟೇ ಉಳಿದರ್ಧವನ್ನು ಅವರ ಮೇಲೆ ಚಿಮುಕಿಸುತ್ತಾನೆ.

ಪ್ರಶ್ನೆ: ಮೋಶೆಗೆ ದೇವರು ಕೊಟ್ಟ ಎರಡು ಕಲ್ಲಿನ ಹಲಗೆಗಳಲ್ಲಿ ಒಂದಕ್ಕೆ ಐದು ಆಜ್ಞೆ, ಇನ್ನೊಂದಕ್ಕೆ ಐದು. ಸರಿಯೇ?

ಉತ್ತರ: ಚಿತ್ರಗಳಲ್ಲಿ ಹಾಗಿದೆ. ವಿಮೋಚನಕಾಂಡ 32 ಹೇಳುವುದು ಹಲಗೆಗಳ ಎರಡೂ ಬದಿಯಲ್ಲಿ ಬರಹವಿತ್ತು ಎಂದಷ್ಟೇ. ಈಗಿನ ಟರ್ಕಿಯಲ್ಲಿ ಆಳಿದ ಪ್ರಾಚೀನ ಹಿತ್ತೀಯ ದೊರೆಗಳ ಒಪ್ಪಂದಗಳಲ್ಲಿ ಪಕ್ಷಕ್ಕೊಂದು ಪ್ರತಿ ಮಾಡಿ ಅವರವರ ಗುಡಿಯಲ್ಲಿ ಇಡುವ ರೂಢಿಯಿತ್ತು. ಇಲ್ಲಿಯೂ ಹತ್ತೂ ಆಜ್ಞೆಗಳ ಎರಡು ಪ್ರತಿ ಎಂಬ ವಾದವೇ ನನಗೆ ಒಪ್ಪುತ್ತದೆ. ದೇವರು, ಜನ ಇಬ್ಬರಿಗೂ ಗುಡಿ ಒಂದೇ ಆದ್ದರಿಂದ ಎರಡೂ ಒಂದೇ ಮಂಜೂಷದೊಳಗೆ (ಒಡಂಬಡಿಕೆಯ ಪೆಟ್ಟಿಗೆಯೊಳಗೆ).

ಪ್ರಶ್ನೆ: ಅಡವಿಟ್ಟ ಹೊದಿಕೆಯನ್ನು ಸೂರ್ಯ ಮುಳುಗುವುದರೊಳಗೆ ಹಿಂತಿರುಗಿಸಬೇಕಂತೆ. ಹಾಗಾದರೆ ಅಡವು ತೆಗೆದುಕೊಂಡು ಏನು ಬಂತು?

ಉತ್ತರ: ಅಡವನ್ನು ಮಾರಿ ಸಾಲ ತೀರಿಸಿಕೊಳ್ಳುವುದು ಎಂದುಕೊಂಡರೆ ಇದು ಅರ್ಥವಾಗುವುದಿಲ್ಲ. ಬಡವನಿಗೆ ಹಗಲು ಬಟ್ಟೆ, ರಾತ್ರಿ ಹಾಸಿಗೆ ಎರಡೂ ಆ ಹೊದಿಕೆಯೇ. ಅದು ದಿನಾ ಕೈಬದಲಾಗುತ್ತಿದ್ದರೆ ಸಾಲ ಇಬ್ಬರಿಗೂ ಮರೆಯುವುದಿಲ್ಲ. ಯೆಹೂದಿ ಗುರುಗಳ ಕಾನೂನು ಸಂಗ್ರಹವಾದ ಮಿಶ್ನಾ ಇದನ್ನು ಇನ್ನೂ ಬಿಗಿ ಮಾಡಿತು: ದಿಂಬನ್ನು ರಾತ್ರಿ ಹಿಂತಿರುಗಿಸಬೇಕು, ನೇಗಿಲನ್ನು ಹಗಲು.

ಧರ್ಮೋಪದೇಶಕಾಂಡ 24ರ ಇತರ ಷರತ್ತುಗಳನ್ನೂ ಜೊತೆಗಿಟ್ಟು ನೋಡಿ. ಸಾಲ ಕೊಟ್ಟವನು ಮನೆಯೊಳಗೆ ನುಗ್ಗುವಂತಿಲ್ಲ. ಹೊರಗೆ ನಿಲ್ಲಬೇಕು, ಸಾಲಗಾರನೇ ಅಡವನ್ನು ತಂದುಕೊಡಬೇಕು. ವಿಧವೆಯ ಬಟ್ಟೆ ಮುಟ್ಟುವಂತಿಲ್ಲ. ಬೀಸುವ ಕಲ್ಲನ್ನಂತೂ ಇಲ್ಲವೇ ಇಲ್ಲ, ಮೇಲಿನ ಕಲ್ಲೊಂದನ್ನೂ ಒಯ್ಯುವಂತಿಲ್ಲ. ಒಯ್ದರೆ ಕೆಳಗಿನ ಕಲ್ಲು ಮನೆಯಲ್ಲಿದ್ದೂ ಅಂದಿನ ಹಿಟ್ಟು ಆಗದು.

ಇದೆಲ್ಲ ಬರೀ ಉಪದೇಶವಾಗಿತ್ತೇ ಎಂದು ಕೇಳುವವರಿಗೆ ಒಂದು ಮಡಕೆ ಚೂರನ್ನು ತೋರಿಸಬೇಕು. 1960ರಲ್ಲಿ ಮೆಡಿಟರೇನಿಯನ್ ಕರಾವಳಿಯ ಮೆಸದ್ ಹಶವ್ಯಾಹು ಕೋಟೆಯಲ್ಲಿ ಸಿಕ್ಕಿದ್ದು, ಕ್ರಿ.ಪೂ. 7ನೇ ಶತಮಾನದ್ದು. ಅದರ ಮೇಲೆ ಶಾಯಿಯಲ್ಲಿ ಕೊಯ್ಲಿನ ಆಳೊಬ್ಬನ ಅರ್ಜಿ: ನನ್ನ ಪಾಲಿನ ಕೊಯ್ಲು ಮುಗಿಸಿದ್ದೇನೆ, ಆದರೂ ನನ್ನ ಬಟ್ಟೆ ಕಿತ್ತುಕೊಂಡರು, ಬಿಸಿಲಲ್ಲಿ ನನ್ನ ಜೊತೆ ಕೊಯ್ದವರೇ ಸಾಕ್ಷಿ, ಕೊಡಿಸಿ. ಅವನು ಯಾವ ಕಾನೂನನ್ನೂ ಹೆಸರಿಸುವುದಿಲ್ಲ. ಅಧಿಕಾರಿ ಕೊಡಿಸಿಯಾನೆಂಬ ನಂಬಿಕೆ ಮಾತ್ರ ಇದೆ.

ಪ್ರಶ್ನೆ: ಐವತ್ತನೆಯದಾದ ಜೂಬಿಲಿ ವರ್ಷಕ್ಕೆ ಹೊಲ ಮೂಲ ಒಡೆಯನಿಗೇ ಹೋಗುವುದಾದರೆ ಕ್ರಯ ಕಟ್ಟುವುದು ಹೇಗೆ?

ಉತ್ತರ: ಯಾಜಕಕಾಂಡ 25ರ ಪ್ರಕಾರ ಮಾರುವುದು ನೆಲವನ್ನಲ್ಲ, ಬೆಳೆಗಳನ್ನು. ಜೂಬಿಲಿಯ ಸುತ್ತಿನ 31ನೇ ವರ್ಷದ ಆರಂಭದಲ್ಲಿ ಕೊಂಡಿರಿ ಎನ್ನೋಣ. 49ರವರೆಗೆ 19 ವರ್ಷ. ಇದರಲ್ಲಿ 35, 42, 49 ಪ್ರತಿ ಏಳನೇ ವರ್ಷ ಬೀಳು ಬಿಡುವ ಲೆಕ್ಕಕ್ಕೆ ಬರುವ ವರ್ಷಗಳು. ಉಳಿದದ್ದು 16 ಬೆಳೆ. ಒಂದು ಬೆಳೆಗೆ ಎರಡು ಶೆಕೆಲ್ (ಬೆಳ್ಳಿಯ ತೂಕ) ಎಂದಿಟ್ಟರೆ ಕ್ರಯ 32. ವರ್ಷಗಳನ್ನು ಎಣಿಸಿ 38 ಕೊಟ್ಟವನು ಮೋಸಹೋದ. ಕೋಟೆಯೊಳಗಿನ ಮನೆಗೆ ಈ ನಿಯಮವಿಲ್ಲ. ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನದೇ; ದೇವಸೇವೆಯ ಕುಲದವರಾದ ಲೇವಿಯರ ಮನೆಗೆ ಮಾತ್ರ ವಿನಾಯಿತಿ.

ಪ್ರಶ್ನೆ: ಏಳನೇ ವರ್ಷ ಸಾಲವೇ ಮನ್ನಾ ಎಂದರೆ ಆರನೇ ವರ್ಷ ಸಾಲ ಯಾರು ಕೊಡುತ್ತಾರೆ?

ಉತ್ತರ: ಕೊಡುತ್ತಿರಲಿಲ್ಲ. ‘ಏಳನೆಯ ವರ್ಷ ಹತ್ತಿರ ಬಂತೆಂದು ಕೈ ಬಿಗಿ ಹಿಡಿಯಬೇಡ’ ಎಂಬ ಎಚ್ಚರಿಕೆ ಕಾನೂನಿನ ಪಠ್ಯದಲ್ಲೇ ಇದೆ. ಎಚ್ಚರಿಕೆ ನಾಟದಿದ್ದಾಗ ಹೆರೋದ ರಾಜನ ಕಾಲದ ಯೆಹೂದಿ ಗುರು ಹಿಲ್ಲೇಲ್ ‘ಪ್ರೊಸ್ಬುಲ್’ ಎಂಬ ಪತ್ರ ತಂದ. ಸಾಲ ಕೊಟ್ಟವನು ‘ನನಗೆ ಬರಬೇಕಾದದ್ದನ್ನು ಬೇಕಾದಾಗ ವಸೂಲು ಮಾಡುತ್ತೇನೆ’ ಎಂದು ನ್ಯಾಯಾಧೀಶರ ಮುಂದೆ ಹೇಳಬೇಕು. ಕೆಳಗೆ ನ್ಯಾಯಾಧೀಶರೋ ಸಾಕ್ಷಿಗಳೋ ರುಜು ಹಾಕಬೇಕು. ಮನ್ನಾ ಆಗ ತಟ್ಟದು. ಆದರೆ ಸಾಲಗಾರನಿಗೆ ನೆಲವಿದ್ದರೆ ಮಾತ್ರ ಪತ್ರ ಊರ್ಜಿತ. ಅವನಿಗೆ ಅಂಗುಲ ನೆಲವೂ ಇಲ್ಲದಿದ್ದರೆ ಸಾಲ ಕೊಟ್ಟವನೇ ತನ್ನ ಹೊಲದಲ್ಲಿ ಚೂರು ಜಾಗವನ್ನು ಅವನದನ್ನಾಗಿ ಮಾಡಿ ಪತ್ರ ಬರೆಸಬಹುದು.